ಅಂಜೂರದ ಉಂಡೆ, ಸತ್ತ ಮಂಗ

ಯೆಶಾಯ 38ನೇ ಅಧ್ಯಾಯ ತೆಗೀರಿ. ಫೋನ್‌ನಲ್ಲಿ ಓದಿದರೂ ಪರವಾಗಿಲ್ಲ, ಮೆಸೇಜ್ ಮಾತ್ರ ನೋಡಬೇಡ್ರಿ.

ರಾಜ ಹಿಜ್ಕೀಯ ಸಾಯೋ ಹಾಸಿಗೆಯಲ್ಲಿದ್ದಾನೆ. ಗೋಡೆ ಕಡೆ ಮುಖ ತಿರುಗಿಸಿ ಅತ್ತು ಪ್ರಾರ್ಥಿಸಿದ. ದೇವರು ಕೇಳಿದರು, 15 ವರ್ಷ ಆಯುಷ್ಯ ಕೂಡಿಸಿದರು. ಅಲ್ಲಿಗೆ ಹಲ್ಲೆಲೂಯಾ ಹೇಳಿ ಬೈಬಲ್ ಮುಚ್ಚಿಬಿಡ್ತೀವಿ. 21ನೇ ವಚನಕ್ಕೆ ಹೋಗೋದೇ ಇಲ್ಲ. ಅಲ್ಲಿ ಪ್ರವಾದಿ ಹುಣ್ಣಿಗೆ ಅಂಜೂರದ ಉಂಡೆ ಕಟ್ಟಿಸ್ತಾನೆ. ವಾಗ್ದಾನ ಸಿಕ್ಕಿದ ಮೇಲೂ ಔಷಧ! ಆ ಉಂಡೆಯನ್ನು ಯಾರೂ ಅವಿಶ್ವಾಸ ಅನ್ನಲಿಲ್ಲ.

ಹಾನಗಲ್ ಕಡೆಯ ಒಬ್ಬ ತಂಗಿ, ಈಗ ಬೆಂಗಳೂರಿನಲ್ಲಿ ಕೆಲಸ, ಫೋನ್ ಮಾಡಿದ್ದಳು. "ಪಾಸ್ಟರ್, ಅಪ್ಪನಿಗೆ ನಾಲ್ಕು ದಿನದಿಂದ ಜ್ವರ. ಉಪವಾಸ ಪ್ರಾರ್ಥನೆ ಮಾಡಿದ್ದೀವಿ. ಈಗ ರಕ್ತ ಪರೀಕ್ಷೆ ಮಾಡಿಸಿದ್ರೆ ನಂಬಿಕೆ ಕಡಿಮೆ ಆದಂಗಾಗ್ತದಾ?" ಅಪ್ಪ ಸೊರಬದ ಕಡೆ ಕಾಡಂಚಿಗೆ ಕೆಲಸಕ್ಕೆ ಹೋಗಿ ಬಂದಿದ್ದರು. ನಾನು ಹೇಳಿದೆ, ಇವತ್ತೇ ದವಾಖಾನೆಗೆ ಕರ್ಕೊಂಡು ಹೋಗೋಕೆ ಹೇಳಮ್ಮ.

ಯಾಕೆ ಅಷ್ಟು ಅವಸರ? ಹಾನಗಲ್, ಹಿರೇಕೆರೂರು ದಾಟಿದರೆ ಸೊರಬ ತಾಲ್ಲೂಕು. ಅಲ್ಲಿಯ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮಂಗಗಳು ಸಾಯತೊಡಗಿದವು. ಸುತ್ತಲಿನ ಹಳ್ಳಿಯವರಿಗೂ ವಿಪರೀತ ಜ್ವರ. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದರು. ಹಳದಿ ಜ್ವರ ಇರಬಹುದಾ ಅಂತ ಮೊದಲು ಸಂಶಯಪಟ್ಟರು, ಅದಲ್ಲ ಅಂತ ಗೊತ್ತಾಯಿತು. ಸತ್ತ ಮಂಗಗಳನ್ನು ಕೊಯ್ದು ನೋಡಿ ಹೊಸ ವೈರಸ್ ಕಂಡುಹಿಡಿದರು. ಅದನ್ನು ಹರಡೋದು ಕಾಡಿನ ಉಣ್ಣಿ. ನಮಗದು ಮಂಗನ ಕಾಯಿಲೆ, ಪ್ರಪಂಚದ ವೈದ್ಯರಿಗೆ ಕ್ಯಾಸನೂರು ಕಾಡಿನ ರೋಗ.

ಕೊಳೆತ ಮಂಗದ ಹತ್ತಿರ ಯಾರು ಹೋಗ್ತಾರೆ ಹೇಳ್ರಿ? ನಾವು ಮೂಗು ಮುಚ್ಚಿ ದಾಟ್ತೀವಿ. ಅವರು ಬಗ್ಗಿ ನೋಡಿದರು. ಜ್ಞಾನೋಕ್ತಿ 12:10 ನೀತಿವಂತನನ್ನು ಗುರುತಿಸೋದು ಅವನ ದನಕರುಗಳ ಆರೈಕೆಯಿಂದ. ಪ್ರಾಣಿಯ ಸಾವನ್ನು ಗಮನಿಸಿದ್ದರಿಂದ ಮನುಷ್ಯರ ಜೀವ ಉಳಿಯಿತು. ಪ್ರಯೋಗಾಲಯದಲ್ಲಿ ಕೂತವರು ಬೈಬಲ್ ಓದಿದ್ದರೋ ಇಲ್ಲವೋ, ಆ ಕೆಲಸದಲ್ಲಿ ನಾನು ದೇವರ ಕೃಪೆ ಕಾಣ್ತೀನಿ.

ಈ ವೈರಸ್ಸನ್ನೇ ಕೊಲ್ಲೋ ಮಾತ್ರೆ ಇನ್ನೂ ಇಲ್ಲ. 100 ರೋಗಿಗಳಲ್ಲಿ 3ರಿಂದ 5 ಮಂದಿ ತೀರಿಕೊಳ್ತಾರೆ. ಬೇಗ ದಾಖಲಾಗಿ, ಸಲೈನ್, ರಕ್ತಸ್ರಾವದ ಮೇಲೆ ನಿಗಾ, ಇದರಿಂದ ಹೆಚ್ಚಿನವರು ಉಳೀತಾರೆ. ಇನ್ನೊಂದು ವಿಷಯ ನಮ್ಮ ಸಭೆಗೇ ಹೇಳಬೇಕು. ಕೆಲವರಿಗೆ ಜ್ವರ ಪೂರ್ತಿ ಬಿಟ್ಟು, ಒಂದೆರಡು ವಾರಕ್ಕೆ ತಿರುಗಿ ಬರ್ತದೆ. ಆಗ ತಲೆನೋವು, ನಡುಕ, ಗೊಂದಲ. ನಮಗೋ ಜ್ವರ ಇಳಿದ ದಿನವೇ ಮೈಕ್ ಹಿಡಿದು ಸಾಕ್ಷಿ ಹೇಳೋ ಅವಸರ! ಸಾಕ್ಷಿ ಹೇಳ್ರಿ, ಆದರೆ ಡಾಕ್ಟರ್ ಕರೆದ ದಿನ ತಪ್ಪಿಸಬೇಡ್ರಿ.

ಹೆದರಿ ರೋಗಿಯನ್ನು ದೂರ ಇಡಬೇಡ್ರಿ. ಇದು ಮನುಷ್ಯನಿಂದ ಮನುಷ್ಯನಿಗೆ ಹರಡೋದಿಲ್ಲ. ಧೈರ್ಯವಾಗಿ ತಲೆ ಮೇಲೆ ಕೈಯಿಟ್ಟು ಪ್ರಾರ್ಥಿಸಿ.

ಶಿಗ್ಗಾವಿ, ಸವಣೂರಿನವರು "ನಮ್ಮಲ್ಲಿ ಅಂಥ ಕಾಡಿಲ್ಲ" ಅಂತೀರಿ. ನಿಮ್ಮವರು ಮಲೆನಾಡಿಗೆ ಕೂಲಿಗೆ ಹೋಗೋದಿಲ್ವಾ? ಡಿಸೆಂಬರ್‌ನಿಂದ ಮೇ ತನಕ ಮನೆಗೆ ಫೋನ್ ಮಾಡಿದಾಗ ಊಟ ಆಯ್ತಾ ಅಂದ ಮೇಲೆ ಇದನ್ನೂ ಕೇಳ್ರಿ: ಕಾಡಿಗೆ ಹೋಗಿದ್ರಾ? ಮೈಮೇಲೆ ಉಣ್ಣಿ ಕಂಡಿತಾ? ಮಂಗ ಸತ್ತು ಬಿದ್ದಿದ್ದು ನೋಡಿದ್ರಾ? ನೋಡಿದ್ದರೆ ಮುಟ್ಟಬಾರದು, ಆಶಾ ಅಕ್ಕನಿಗೆ ತಿಳಿಸಬೇಕು.

ಈಗ ಎದ್ದು ನಿಲ್ಲೋಣ. ಮನೆಯಲ್ಲಿ ಜ್ವರದಿಂದ ಮಲಗಿರೋರ ಹೆಸರು ಹೇಳ್ರಿ, ಪ್ರಾರ್ಥಿಸೋಣ. ನಾಳೆ ಬೆಳಿಗ್ಗೆ ಅವರನ್ನು ದವಾಖಾನೆಗೆ ಯಾರು ಕರ್ಕೊಂಡು ಹೋಗ್ತಾರೆ, ಅದನ್ನೂ ಹೇಳ್ರಿ.