ಬೇಸಿಗೆಯ ಹೊಳೆಯೂ ಸ್ವಂತದ ದೋಣಿಯೂ

ಶ್ರಾವಕನು ತನ್ನ ಸಂಚಾರಕ್ಕೆ ಒಂದು ಮೇರೆಯನ್ನು ಗೊತ್ತುಪಡಿಸಿಕೊಳ್ಳಬೇಕೆಂದು ವಿಧಿಸಿದ ಆಚಾರ್ಯರು, ಆ ಮೇರೆಗೆ ಎಲ್ಲರೂ ಬಲ್ಲ ಗುರುತುಗಳಿರಬೇಕೆಂದೂ ಹೇಳಿದ್ದಾರೆ. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರದಲ್ಲಿ ದಿಗ್ವ್ರತದ ಪ್ರಸಂಗದಲ್ಲಿ ಸಮುದ್ರ, ನದಿ, ಅಡವಿ, ಬೆಟ್ಟ, ಜನಪದ ಮತ್ತು ಯೋಜನಗಳ ಅಳತೆ ಇವು ಅಂತಹ ಗುರುತುಗಳೆಂದು ಎಣಿಸಲ್ಪಟ್ಟಿವೆ. ಅಂದರೆ ಹೊಳೆಯು ಶ್ರಾವಕನ ಪಾಲಿಗೆ ಮೊದಲು ನಿಲ್ಲುವ ಸ್ಥಳವಾಗಿತ್ತು. ಅದರ ಆಚೆಗಿನ ಜೀವರಾಶಿಯು ಅವನ ಕೈಯಿಂದ ಬಿಡುಗಡೆ ಹೊಂದಿದ್ದಿತು.

ಇಂದು ಹೊಳೆಯನ್ನೇ ದಾರಿಯನ್ನಾಗಿ ಕಾಣುವ ದೃಷ್ಟಿ ಬಂದಿದೆ. 2016ರ ರಾಷ್ಟ್ರೀಯ ಜಲಮಾರ್ಗಗಳ ಕಾಯಿದೆಯು ದೇಶದ 111 ಜಲಮಾರ್ಗಗಳನ್ನು ಹೆಸರಿಸಿತು. ಅವುಗಳಲ್ಲಿ ನೇತ್ರಾವತಿಯೂ ಒಂದು: ಧರ್ಮಸ್ಥಳದ ಕಟ್ಟೆಯಿಂದ ಬೆಂಗ್ರೆಯ ಬಳಿ ಸಮುದ್ರವನ್ನು ಸೇರುವವರೆಗೆ ಸುಮಾರು 78 ಕಿಲೋಮೀಟರು. ಕಾಯಿದೆಯ ಮಾತು ಸಾಗಾಟಕ್ಕೆ ಸಂಬಂಧಿಸಿದ್ದು. ಅನುಕೂಲಸ್ಥರ ಮನೆಗಳಲ್ಲಿ ಕೇಳಿಬರುವ ಮಾತು ಬೇರೆ. ಯುರೋಪಿನಲ್ಲಿ ಕುಟುಂಬಗಳು ಸ್ವಂತ ದೋಣಿಯಲ್ಲಿ ಒಂದು ಹಳೆಯ ಪೇಟೆಯಿಂದ ಇನ್ನೊಂದು ಹಳೆಯ ಪೇಟೆಗೆ ಬೇಸಿಗೆಯನ್ನೆಲ್ಲ ತೇಲುತ್ತ ಕಳೆಯುವುದನ್ನು ಕಂಡು ಬಂದವರಿದ್ದಾರೆ. ಎಪ್ರಿಲ್-ಮೇ ತಿಂಗಳ ರಜೆಯಲ್ಲಿ ಬೆಂಗಳೂರು, ಮುಂಬಯಿಗಳಿಂದ ಮೊಮ್ಮಕ್ಕಳು ಊರಿಗೆ ಬಂದಾಗ, ಮಂಗಳೂರಿನಿಂದ ಫರಂಗಿಪೇಟೆ, ಪಾಣೆಮಂಗಳೂರು, ಬಂಟ್ವಾಳಗಳವರೆಗೆ, ಸಾಧ್ಯವಾದರೆ ಇನ್ನೂ ಮೇಲಕ್ಕೆ, ಇಂಜಿನ್ ಅಳವಡಿಸಿದ ಸ್ವಂತದ ದೋಣಿಯಲ್ಲಿ ಹೋಗಿ, ಅಲ್ಲಿಂದ ವೇಣೂರು, ಮೂಡುಬಿದಿರೆಗಳ ದರ್ಶನ ಮಾಡಿ ಬಂದರೆ ತಪ್ಪೇನು? ಸಂಪಾದನೆ ನ್ಯಾಯವಾದದ್ದು, ಊಟ ರಾತ್ರಿಗೆ ಮೊದಲು, ಕುಡಿಯುವುದು ಸೋಸಿದ ನೀರು, ಗಾಳ ಹಾಕುವವರು ದೋಣಿಯಲ್ಲಿ ಯಾರೂ ಇಲ್ಲ. ಹೀಗಿರುವಾಗ ಶ್ರಾವಕಾಚಾರಕ್ಕೆ ಭಂಗ ಎಲ್ಲಿಂದ ಬಂತೆಂಬುದು ಪ್ರಶ್ನೆ. ಇದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ.

ಏಕೆಂದರೆ ಜೈನಧರ್ಮವು ನೀರಿನ ಮೇಲಿನ ಪ್ರಯಾಣಕ್ಕೆ ಹೆದರಿದ ಧರ್ಮವಲ್ಲ. ಸಮುದ್ರವನ್ನು ದಾಟಿದವನಿಗೆ ಜಾತಿಭ್ರಷ್ಟತೆಯೆಂಬ ಭಯವು ನಮ್ಮ ಪುರಾಣಗಳಲ್ಲಿಲ್ಲ. ಚಾರುದತ್ತನು ಹಡಗೊಡೆದು ಸರ್ವಸ್ವವನ್ನೂ ಕಳೆದುಕೊಂಡವನು. ಶ್ರೀಪಾಲನು ಧವಳಶ್ರೇಷ್ಠಿಯ ಕುಟಿಲತನದಿಂದ ಹಡಗಿನಿಂದ ಕಡಲಿಗೆ ನೂಕಲ್ಪಟ್ಟವನು. ಆ ಕಥೆಗಳಲ್ಲಿ ನಿಂದೆಗೆ ಗುರಿಯಾಗುವುದು ಲೋಭವೇ ಹೊರತು ಹಡಗಲ್ಲ. ವಾಹನವನ್ನೇ ತ್ಯಜಿಸಿದ ಮುನಿಗಳಿಗೂ ಅನಿವಾರ್ಯವಾದಾಗ ಹೊಳೆಯನ್ನು ದೋಣಿಯಲ್ಲಿ ದಾಟುವುದುಂಟು. ದಾಟಿದ ಬಳಿಕ ಕಾಯೋತ್ಸರ್ಗದ ವಿಧಿಯಿದೆ. ದಾಟುವುದು ಒಂದು, ತೇಲಾಡುವುದು ಇನ್ನೊಂದು. ಆದರೂ ದೋಣಿ ಎಂಬ ವಸ್ತುವಿನಲ್ಲಿ ದೋಷವನ್ನು ಹುಡುಕುವುದು ವ್ಯರ್ಥ.

ಈ ನಾಡಿನ ಚರಿತ್ರೆಯೂ ಅದನ್ನೇ ಹೇಳುತ್ತದೆ. ಬಂಟ್ವಾಳವು ಪೇಟೆಯಾಗಿ ಬೆಳೆದದ್ದು ಹೊಳೆಯ ದೆಸೆಯಿಂದ. ಘಟ್ಟದ ಮೇಲಿನ ಸರಕು ಚಾರ್ಮಾಡಿಯ ಮಾರ್ಗವಾಗಿ ಬೆಳ್ತಂಗಡಿಯ ಕಡೆಯಿಂದ ಇಳಿದು ಇಲ್ಲಿಗೆ ಬರುತ್ತಿತ್ತು. ಇಲ್ಲಿಂದ ದೋಣಿಯೇರಿ ಮಂಗಳೂರಿಗೆ ಹೋಗುತ್ತಿತ್ತು. ಆ ಸರಕಿಗೆ ಕೊಳ್ಳುವವರೂ ಉಣ್ಣುವವರೂ ಇದ್ದರು. ಹೊಳೆಯ ಔದಾರ್ಯಕ್ಕೆ ಇನ್ನೊಂದು ಮುಖವೂ ಉಂಟು: 1923ರ ಮತ್ತು 1974ರ ನೆರೆಗಳನ್ನು ಬಂಟ್ವಾಳದ ಮನೆಗಳು ಮರೆತಿಲ್ಲ. ಕಡವಿನ ದೋಣಿಯೂ ಹಾಗೆಯೇ ಅಗತ್ಯದ ದೋಣಿ. ಅಂಬಿಗನು ದೋಣಿ ತುಂಬುವವರೆಗೆ ಕಾಯುತ್ತಿದ್ದನು. ಒಬ್ಬನಿಗಾಗಿ ಹುಟ್ಟು ಹಾಕುವುದು ಅಪರೂಪ. ಅವನ ಮಿತವ್ಯಯವು ಬಡತನದ್ದೇ ಇರಬಹುದು, ಆದರೂ ಅದರಿಂದ ನೀರು ಕಲಕುವುದು ಕಡಿಮೆಯಾಗುತ್ತಿತ್ತು. ಮೂಡುಬಿದಿರೆಗಂತೂ ದೋಣಿಯ ದಾರಿಯೇ ಇಲ್ಲ. 1801ರಲ್ಲಿ ಈ ಸೀಮೆಯನ್ನು ಸಂಚರಿಸಿದ ಫ್ರಾನ್ಸಿಸ್ ಬುಕನನ್ ಸಹ ಬಂಟ್ವಾಳದಿಂದ ಮುಂದೆ ನೆಲದ ದಾರಿಯಲ್ಲಿಯೇ ವೇಣೂರನ್ನೂ ಮೂಡುಬಿದಿರೆಯನ್ನೂ ಕಂಡನು.

ಹಾಗಾದರೆ ಪ್ರಶ್ನೆಯ ಗಂಟು ಎಲ್ಲಿದೆ? ಹಿಂಸೆಯನ್ನು ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ನಾಲ್ಕಾಗಿ ವಿಂಗಡಿಸುವುದು ಎಲ್ಲರಿಗೂ ತಿಳಿದದ್ದು. ಗೃಹಸ್ಥನು ಮೊದಲನೆಯದನ್ನು ಪೂರ್ಣವಾಗಿ ಬಿಡಬೇಕು. ಉಳಿದ ಮೂರನ್ನು ಎಚ್ಚರದಿಂದ ಮಿತಗೊಳಿಸಿಕೊಳ್ಳಬೇಕು. ಅಡಿಗೆಯ ಒಲೆ ಆರಂಭೀ. ಅಂಬಿಗನ ಹುಟ್ಟು ಉದ್ಯೋಗೀ. ನೆರೆಯಲ್ಲಿ ಸಿಕ್ಕವರನ್ನು ಹೊರತರಲು ಧಾವಿಸುವ ದೋಣಿ ಯಾವ ಲೆಕ್ಕದಿಂದಲೂ ನಿಂದ್ಯವಲ್ಲ. ವಿಹಾರದ ದೋಣಿಯಿಂದ ಅಪ್ಕಾಯಿಕ ಜೀವಗಳಿಗೆ ಆಗುವ ಬಾಧೆಯನ್ನು ಈ ಮೂರರಲ್ಲಿ ಯಾವುದಕ್ಕೆ ಸೇರಿಸಬೇಕು? ಮನೆಯ ಒಲೆ ಅದರಿಂದ ಉರಿಯುವುದಿಲ್ಲ, ಜೀವನೋಪಾಯವೂ ಅದಲ್ಲ, ಆತ್ಮರಕ್ಷಣೆಯಂತೂ ಅಲ್ಲವೇ ಅಲ್ಲ. ಕೊಲ್ಲುವ ಸಂಕಲ್ಪವೂ ಇಲ್ಲ. ಎಲ್ಲಿಯೂ ಸೇರದ ಈ ಬಾಧೆಗಾಗಿಯೇ ಆಚಾರ್ಯರು ಅನರ್ಥದಂಡವೆಂಬ ಹೆಸರನ್ನು ಇಟ್ಟಿದ್ದಾರೆ. ಅದರ ಐದು ಭೇದಗಳಲ್ಲಿ ಪ್ರಮಾದಚರ್ಯೆ ಒಂದು. ನೆಲ, ನೀರು, ಬೆಂಕಿ, ಗಾಳಿಗಳನ್ನು ನಿಷ್ಫಲವಾಗಿ ಕೆದಕುವುದು, ಗಿಡಮರಗಳನ್ನು ಸುಮ್ಮನೆ ಕಡಿಯುವುದು, ಸುಮ್ಮನೆ ಅಲೆಯುವುದು, ಇತರರನ್ನು ಸುಮ್ಮನೆ ಅಲೆಸುವುದು ಇವು ಅದರ ಲಕ್ಷಣಗಳು. ಇಂಜಿನ್ ದೋಣಿಯನ್ನು ಕಣ್ಣಾರೆ ಕಂಡು ಬರೆದಂತಿದೆ ಈ ಲಕ್ಷಣ: ನೀರನ್ನು ಕಲಕುತ್ತದೆ, ಬೆಂಕಿಯನ್ನು ಉರಿಸುತ್ತದೆ, ತಾನೂ ಅಲೆಯುತ್ತದೆ, ಮನೆಮಂದಿಯನ್ನೂ ಅಲೆಸುತ್ತದೆ.

ಇಷ್ಟಾದರೂ ಒಂದು ಆಕ್ಷೇಪ ಉಳಿಯುತ್ತದೆ, ಅದು ಪ್ರಾಮಾಣಿಕವಾದದ್ದು. ಮನಸ್ಸಿಗೆ ಆಹ್ಲಾದವೆಂಬುದು ನಿಷ್ಫಲವೇ? ಹೊಳೆಯನ್ನೇ ಕಾಣದೆ ನಗರದಲ್ಲಿ ಬೆಳೆಯುವ ಮಕ್ಕಳು ಹೊಳೆಯ ಜೀವಿಗಳನ್ನು ಪ್ರೀತಿಸುವುದು ಹೇಗೆ? ಅಷ್ಟಕ್ಕೂ ದೋಣಿಯನ್ನು ಬೇಡವೆನ್ನುವ ಹಿರಿಯರು ಕಾರಿನಲ್ಲಿ ಮದುವೆಗೂ ಗೃಹಪ್ರವೇಶಕ್ಕೂ ಹಾರುತ್ತಿರುತ್ತಾರಲ್ಲ! ಈ ಕೊನೆಯ ಮಾತಿಗೆ ಉತ್ತರವಿಲ್ಲ. ಅದು ಕಾರಿನ ವಿಹಾರವನ್ನೂ ಅದೇ ಕಟಕಟೆಗೆ ತರುತ್ತದೆ, ತರಬೇಕಾದದ್ದೇ. ಆಹ್ಲಾದದ ಮಾತನ್ನಾದರೋ ತತ್ತ್ವದ ಮಟ್ಟದಲ್ಲಿ ನಿಲ್ಲಿಸಿ ವಾದಿಸಿದರೆ ಮುಗಿಯುವುದಿಲ್ಲ. ಹೊಳೆಯ ಬಳಿಗೆ ಹೋಗಿ ನೋಡಬೇಕು, ಅದೂ ಬೇಸಿಗೆಯಲ್ಲಿ.

ಆಷಾಢ-ಶ್ರಾವಣಗಳಲ್ಲಿ ದಡವನ್ನು ಮೀರಿ ಹರಿದ ನೇತ್ರಾವತಿಯು ಚೈತ್ರ-ವೈಶಾಖಗಳಲ್ಲಿ ಬಂಟ್ವಾಳದಿಂದ ಮೇಲೆ ಬಂಡೆ ಮತ್ತು ಮರಳಿನ ನಡುವೆ ಎಳೆಯಾಗಿ ಉಳಿಯುತ್ತದೆ. ಬೆಳ್ತಂಗಡಿಯ ಸೋಮಾವತಿಯ ಮತ್ತು ವೇಣೂರಿನ ಫಲ್ಗುಣಿಯ ಸ್ಥಿತಿಯೂ ಬೇರೆಯಲ್ಲ. ನೀರು ನಿಲ್ಲುವುದು ಮಡುಗಳಲ್ಲಿ ಮತ್ತು ಕಿಂಡಿ ಅಣೆಕಟ್ಟುಗಳ ಹಿಂದೆ ಮಾತ್ರ. ಹೊಳೆಯ ಉದ್ದಕ್ಕೂ ಹರಡಿಕೊಂಡಿದ್ದ ಮೀನು, ಆಮೆ, ಏಡಿ, ನೀರುಹಾವುಗಳೆಲ್ಲವೂ ಆ ನಾಲ್ಕಾರು ಮಡುಗಳಿಗೆ ಬಂದು ಸೇರುತ್ತವೆ. ಮಳೆ ಬರುವವರೆಗೆ ಅವುಗಳಿಗೆ ಬೇರೆ ನೆಲೆಯಿಲ್ಲ. ದೋಣಿಗೆ ಬೇಕಾದ ಆಳವಿರುವುದೂ ಅಲ್ಲಿಯೇ. ಬೇಸಿಗೆಯಲ್ಲಿ ವಿಹಾರದ ದೋಣಿಯೂ ಹೊಳೆಯ ಜೀವರಾಶಿಯೂ ಒಂದೇ ನೀರನ್ನು ಅರಸುತ್ತವೆ. ದೋಣಿಯವನಿಗೆ ಸಂಜೆ ಹಿಂತಿರುಗಲು ಮನೆಯಿದೆ.

ಇಲ್ಲಿ ಬಾಧೆಗೆ ಒಳಗಾಗುವವು ಸ್ಥಾವರ ಜೀವಗಳಷ್ಟೇ ಅಲ್ಲ, ತ್ರಸ ಜೀವಗಳು. ಅವುಗಳಲ್ಲಿ ಮೀನು, ಆಮೆಗಳು ಪಂಚೇಂದ್ರಿಯಗಳುಳ್ಳವು. ಇಂಜಿನಿನ ಅಲಗು, ಅದರ ಸದ್ದು, ನಿಂತ ನೀರಿನ ಮೇಲೆ ಹರಡುವ ಎಣ್ಣೆಯ ಪೊರೆ ಇವೆಲ್ಲ ಮಳೆಗಾಲದ ಪ್ರವಾಹದಲ್ಲಿ ಅಲ್ಪವಾಗಿ ತೋರಬಹುದು, ಮಡುವಿನಲ್ಲಿ ಹಾಗಲ್ಲ. ಬೆಳ್ತಂಗಡಿ ತಾಲೂಕಿನ ಶಿಶಿಲದಲ್ಲಿ ಕಪಿಲಾ ಹೊಳೆಯ ಮೀನುಗಳನ್ನು ದೇವರ ಮೀನುಗಳೆಂದು ಕಾಯ್ದುಕೊಂಡು ಬಂದವರು ಶಾಸ್ತ್ರವಿಚಾರ ಮಾಡಿದವರಲ್ಲ. ಹೊಳೆಯ ಯಾವ ಭಾಗವನ್ನು ಮನುಷ್ಯನು ಬಿಟ್ಟುಕೊಡಬೇಕೆಂಬುದು ಅವರಿಗೆ ನೋಟದಿಂದಲೇ ತಿಳಿದಿತ್ತು.

ಮನುಷ್ಯರಿಗೂ ಆ ನೀರೇ ಗತಿ. ಮಂಗಳೂರು ನಗರವು ಕುಡಿಯುವುದು ಬಂಟ್ವಾಳ ತಾಲೂಕಿನ ತುಂಬೆಯ ಅಣೆಕಟ್ಟಿನಲ್ಲಿ ನಿಂತ ನೇತ್ರಾವತಿಯ ನೀರನ್ನು. 2019ರ ಬೇಸಿಗೆಯಲ್ಲಿ ಆ ನೀರು ಕುಗ್ಗಿ ನಗರಕ್ಕೆ ಸರದಿಯ ಮೇಲೆ ನೀರು ಬಿಡಬೇಕಾಯಿತು. ಅದೇ ಮೇ ತಿಂಗಳಲ್ಲಿ ಧರ್ಮಸ್ಥಳದ ಧರ್ಮಾಧಿಕಾರಿ ಡಾ. ಡಿ. ವೀರೇಂದ್ರ ಹೆಗ್ಗಡೆಯವರು, ನೇತ್ರಾವತಿಯಲ್ಲಿ ನೀರು ಕಡಿಮೆಯಾಗಿರುವುದರಿಂದ ಭಕ್ತರು ತಮ್ಮ ಯಾತ್ರೆಯನ್ನು ಕೆಲವು ದಿನ ಮುಂದೂಡಬೇಕೆಂದು ವಿನಂತಿಸಿದರು. ಕ್ಷೇತ್ರದರ್ಶನಕ್ಕೆ ಬರುವವರನ್ನು ಕ್ಷೇತ್ರವೇ ತಡೆದು ನಿಲ್ಲಿಸಿದ ಆ ಘಟನೆಯನ್ನು ಶ್ರಾವಕ ಕುಟುಂಬಗಳು ದಿಗ್ವ್ರತದ ದೃಷ್ಟಿಯಿಂದ ಇನ್ನೂ ಸಾಕಷ್ಟು ಆಲೋಚಿಸಿಲ್ಲ. ಪುಣ್ಯಕಾರ್ಯವೆನಿಸಿದ ಯಾತ್ರೆಯೇ ಹೊಳೆಯ ಸ್ಥಿತಿಯನ್ನು ನೋಡಿ ತಡೆದು ನಿಲ್ಲಬಹುದಾದರೆ ವಿಹಾರಕ್ಕೆ ಅದಕ್ಕಿಂತ ಹೆಚ್ಚಿನ ಹಕ್ಕು ಯಾವ ಆಧಾರದಿಂದ ಬಂದೀತು?

ದಡದ ಕಟ್ಟಡಗಳ ಮಾತನ್ನೂ ಇಲ್ಲಿಯೇ ಹೇಳಬಹುದು. ಇಟಲಿಯ ವೆನಿಸ್ ನಗರವು ದೋಣಿಗಳಿಂದಲೇ ಬದುಕಿದ ಊರು. ಇಂಜಿನ್ ದೋಣಿಗಳು ಎಬ್ಬಿಸುವ ಅಲೆಗಳು ಹಳೆಯ ಮನೆಗಳ ತಳಪಾಯವನ್ನು ಕೊರೆಯುತ್ತವೆಂದು ಅಲ್ಲಿ ವೇಗಕ್ಕೆ ಮಿತಿಯನ್ನು ಇಟ್ಟಿದ್ದಾರೆ. ದೊಡ್ಡ ವಿಹಾರದ ಹಡಗುಗಳನ್ನು 2021ರ ಆಗಸ್ಟ್‌ನಿಂದ ಊರಿನ ಮುಖ್ಯ ಕಾಲುವೆಯ ಮುಂದೆ ಹಾಯದಂತೆ ತಡೆದರು. ಹಳೆಯ ಪೇಟೆಯನ್ನು ನೋಡುವ ಆಸೆಯೇ ಆ ಪೇಟೆಯನ್ನು ಕೊರೆಯುವುದುಂಟು.

ಇನ್ನು ಬಸದಿಗಳ ಆಡಳಿತದವರಿಗೆ ಸಂಬಂಧಿಸಿದ ಒಂದು ಸಂದರ್ಭವನ್ನು ಊಹಿಸಿಕೊಳ್ಳಬಹುದು. ಹೊಳೆಯ ದಡದಲ್ಲಿ ಬಸದಿಗೆ ಸೇರಿದ ಸ್ವಲ್ಪ ಜಾಗವಿದೆ. ಒಬ್ಬ ದಾನಿಯು ಜೀರ್ಣೋದ್ಧಾರಕ್ಕೆ ಹಣ ಕೊಡಲು ಮುಂದೆ ಬಂದಿದ್ದಾನೆ. ಆ ಜಾಗದಲ್ಲಿ ವಿಹಾರದ ದೋಣಿಗಳು ತಂಗಲು ಕಟ್ಟೆಯನ್ನು ಕಟ್ಟಿಸಿಕೊಡಬೇಕೆಂಬುದು ಅವನ ಕೋರಿಕೆ. ಮಾಡಿನ ಕಲ್ಲು ಸರಿದು ಮಳೆನೀರು ಗರ್ಭಗುಡಿಗೆ ಇಳಿಯುವುದನ್ನು ಕಂಡ ಟ್ರಸ್ಟಿಗೆ ಆ ಹಣವನ್ನು ಬೇಡವೆನ್ನುವುದು ಸುಲಭವಲ್ಲ. ಆದರೆ ಸ್ವತಃ ಅಲೆಯುವುದರ ಜೊತೆಗೆ ಇತರರನ್ನು ಅಲೆಸುವುದನ್ನೂ ಶಾಸ್ತ್ರವು ಹೆಸರಿಸಿರುವುದು ಇಂತಹ ಘಳಿಗೆಗಾಗಿ. ಒಂದು ಮನೆಯ ದೋಣಿ ಒಂದು ಮನೆಯ ಪ್ರಮಾದ; ಬಸದಿಯ ಕಟ್ಟೆ ನೂರು ದೋಣಿಗಳಿಗೆ ಆಹ್ವಾನ. ಹಣವನ್ನು ಷರತ್ತಿಲ್ಲದೆ ಕೊಡುವುದಾದರೆ ಸ್ವೀಕರಿಸಬೇಕು, ಇಲ್ಲವಾದರೆ ಇನ್ನೊಂದು ಮಳೆಗಾಲವನ್ನು ಹೇಗೋ ದಾಟಬೇಕು.

ಹಾಗೆಂದು ದೋಣಿಯನ್ನು ಎಂದೆಂದಿಗೂ ಮುಟ್ಟಬಾರದೆಂಬ ಕಟ್ಟಪ್ಪಣೆಗೆ ಅಗತ್ಯವಿಲ್ಲ. ಭೋಗೋಪಭೋಗ ಪರಿಮಾಣದ ವಿಧಿಯು ಗೃಹಸ್ಥನ ಶಕ್ತಿಯನ್ನು ಚೆನ್ನಾಗಿ ಅರಿತದ್ದು. ಆಹಾರ, ವಾಹನ, ಹಾಸಿಗೆ, ಸ್ನಾನ, ಆಭರಣ ಮುಂತಾದವುಗಳನ್ನು ಒಂದು ಹಗಲು, ಒಂದು ರಾತ್ರಿ, ಒಂದು ಪಕ್ಷ, ಒಂದು ಮಾಸ, ಒಂದು ಋತು, ಒಂದು ಅಯನ ಎಂದು ಕಾಲವನ್ನು ಗೊತ್ತುಮಾಡಿಕೊಂಡು ಬಿಡಬಹುದೆಂದು ಸಮಂತಭದ್ರರು ತಿಳಿಸುತ್ತಾರೆ. ಋತುವೂ ಒಂದು ಅಳತೆಯೆಂಬುದು ಇಲ್ಲಿ ಮುಖ್ಯ. ಯುಗಾದಿಯಿಂದ ಹೊಳೆಗೆ ಹೊಸನೀರು ಬರುವವರೆಗೆ ಅಣೆಕಟ್ಟಿನ ನೀರಿನಲ್ಲಿಯೂ ಮಡುಗಳಲ್ಲಿಯೂ ವಿಹಾರಕ್ಕಾಗಿ ದೋಣಿಯನ್ನು ಇಳಿಸುವುದಿಲ್ಲವೆಂದು ಒಂದು ಕುಟುಂಬವು ನಿಯಮವನ್ನು ಮಾಡಿಕೊಳ್ಳಬಹುದು. ಅಳಿವೆಯ ಸಮೀಪದಲ್ಲಿ, ಸಮುದ್ರದ ಉಬ್ಬರ ದಿನವೂ ಒಳಬಂದು ಹೊರಹೋಗುವ ಕಡೆ, ಹುಟ್ಟು ಹಾಕುವ ದೋಣಿಯಲ್ಲಿ ಮಕ್ಕಳನ್ನು ಒಂದು ಸಂಜೆ ಕರೆದೊಯ್ಯುವುದನ್ನು ಇದೇ ತಕ್ಕಡಿಯಲ್ಲಿ ತೂಗುವುದು ಸರಿಯಾಗದು. ಅಲ್ಲಿಯೂ ಬಾಧೆಯಿದೆ, ಆದರೆ ಅದು ಆಶ್ರಯವನ್ನು ಕಸಿಯುವ ಬಾಧೆಯಲ್ಲ. ಮಳೆಗಾಲದಲ್ಲಂತೂ ಹೊಳೆಯು ವಿಹಾರಕ್ಕೆ ತಾನೇ ಎಡೆಗೊಡುವುದಿಲ್ಲ.

ಇಂತಹ ನಿಯಮವನ್ನು ಹಿಡಿದ ಮನೆಯವರು ರಜೆಯಲ್ಲಿ ಬಂಟ್ವಾಳದಿಂದ ರಸ್ತೆಯಲ್ಲಿಯೇ ಹೊರಟು ವೇಣೂರಿಗೆ ಬರುತ್ತಾರೆ. ತಿಮ್ಮಣ್ಣ ಅಜಿಲನು 1604ರಲ್ಲಿ ನಿಲ್ಲಿಸಿದ ಬಾಹುಬಲಿಸ್ವಾಮಿಯ ದರ್ಶನವಾದ ಬಳಿಕ ಮಕ್ಕಳು ಫಲ್ಗುಣಿಯ ಕಡೆಗೆ ಓಡುತ್ತಾರೆ. ವೈಶಾಖದಲ್ಲಿ ಅಲ್ಲಿ ಮೊಣಕಾಲುದ್ದದ ನೀರಿದ್ದರೆ ಹೆಚ್ಚು. ಆ ನೀರಿಗೆ ಇಳಿದು ಕುಣಿಯುವುದೂ ನೀರನ್ನು ಕಲಕಿದಂತೆಯೇ ಅಲ್ಲವೇ ಎಂದು ಕೇಳುವ ಅಜ್ಜಿಯರು ಇನ್ನೂ ಇದ್ದಾರೆ. ಎಷ್ಟು ಹೊತ್ತು ಇಳಿಯಬಹುದು, ಯಾವ ಕಡೆ ಇಳಿಯಬಹುದು ಎಂಬುದನ್ನು ದಡದಲ್ಲಿ ನಿಂತು ಅವರವರೇ ಗೊತ್ತುಮಾಡಿಕೊಳ್ಳಬೇಕಾಗುತ್ತದೆ.