ಬಾಯಿಪಾಠದ ಬುತ್ತಿ

ಬಾಯಿಪಾಠಕ್ಕೆ ಈಗ ಮರ್ಯಾದೆ ಕಡಿಮೆ. ನಾನು ಬಿ.ಎಡ್. ಓದುವಾಗಲೂ, ಅರ್ಥವಾಗದ್ದನ್ನು ಮಕ್ಕಳಿಂದ ಉರು ಹೊಡೆಸಬಾರದೆಂದೇ ಹೇಳಿಕೊಟ್ಟರು. ತರಗತಿಯಲ್ಲಿ ಆ ಮಾತನ್ನು ಪಾಲಿಸುತ್ತ ಬಂದಿದ್ದೇನೆ. ಆದರೂ ಭಾನುವಾರ ನಮ್ಮ ಚರ್ಚಿನ ಸಂಡೇ ಸ್ಕೂಲಿನಲ್ಲಿ ಸತ್ಯವೇದದ ವಾಕ್ಯಗಳನ್ನು ಬಾಯಿಪಾಠ ಮಾಡಿಸುತ್ತೇನೆ. ಎಲ್ಲವೂ ಮೊಬೈಲಿನಲ್ಲೇ ಸಿಗುವಾಗ ಇದೇಕೆ ಎಂದು ಕೇಳುವ ತಾಯಂದಿರಿದ್ದಾರೆ. ನ್ಯಾಯವಾದ ಪ್ರಶ್ನೆಯೇ.

ಮೊಬೈಲಿನಲ್ಲಿರುವುದು ಅಂಗಡಿಯಲ್ಲಿರುವ ಅಕ್ಕಿಯ ಹಾಗೆ, ಬೇಕಾದಾಗ ತಂದುಕೊಳ್ಳಬಹುದು. ಬಾಯಿಪಾಠ ಸೆರಗಿನಲ್ಲಿ ಕಟ್ಟಿಕೊಂಡ ಬುತ್ತಿ. ಅಂಗಡಿಗೆ ಹೋಗುವ ತ್ರಾಣವೂ ಇಲ್ಲದ ದಿನಗಳು ಬರುತ್ತವಲ್ಲ, ಬುತ್ತಿ ಬೇಕಾಗುವುದು ಆಗ. ನಮ್ಮ ಮನೆಯವರಿಗೆ ಆಪರೇಷನ್ ಆದ ದಿನ ಆಸ್ಪತ್ರೆಯ ಬೆಂಚಿನ ಮೇಲೆ ಐದು ಗಂಟೆ ಕುಳಿತಿದ್ದೆ. ಕೈಚೀಲದಲ್ಲಿ ಸತ್ಯವೇದವಿತ್ತು. ತೆರೆದರೆ ಅಕ್ಷರ ಕಣ್ಣಿಗೆ ಹತ್ತಲಿಲ್ಲ. ಆಗ, ಎಂಟನೆಯ ವಯಸ್ಸಿನಲ್ಲಿ ಅಮ್ಮ ಕಲಿಸಿದ್ದ 23ನೆಯ ಕೀರ್ತನೆ ತಾನಾಗಿ ಬಾಯಿಗೆ ಬಂತು. ಇರುವುದು ಆರೇ ವಚನ. ಮೊದಲಲ್ಲಿ ದೇವರನ್ನು ಕುರಿತು 'ಆತನು' ಎನ್ನುತ್ತಿದ್ದ ಭಕ್ತ, ಕತ್ತಲೆಯ ಕಣಿವೆಗೆ ಬಂದೊಡನೆ 'ನೀನು' ಎಂದು ದೇವರೊಡನೆಯೇ ಮಾತಿಗೆ ತೊಡಗುತ್ತಾನೆ. ಎಷ್ಟೋ ಸಲ ಒಪ್ಪಿಸಿದ್ದ ಪಾಠ; ಇದು ಮನಸ್ಸಿಗೆ ಬಂದದ್ದು ಆ ಬೆಂಚಿನ ಮೇಲೆ. ಎಂಟರ ಹುಡುಗಿಗೆ ಕಣಿವೆಯ ಅರ್ಥ ಹೇಗೆ ತಿಳಿದೀತು? ಮಾತು ಮೊದಲೇ ಬಂದು, ಅರ್ಥಕ್ಕಾಗಿ ಇಷ್ಟು ವರ್ಷ ಕಾದಿತ್ತು.

ಯೇಸುವಿನ ತಾಯಿ ಮರಿಯಳನ್ನು ನೋಡಿ. ಲೂಕನ ಸುವಾರ್ತೆಯ ಮೊದಲನೆಯ ಅಧ್ಯಾಯದಲ್ಲಿ ಆಕೆ ಹಾಡುವ ಹಾಡಿನಲ್ಲಿ ಹಳೆಯ ಒಡಂಬಡಿಕೆಯ ಹನ್ನಳ ದನಿ ಕೇಳುತ್ತದೆ. ಹನ್ನಳು ಮಕ್ಕಳಿಲ್ಲದೆ ಸವತಿಯ ಚುಚ್ಚುಮಾತು ತಿಂದವಳು; ಸಮುವೇಲನು ಹುಟ್ಟಿದ ಮೇಲೆ ಹಾಡಿದವಳು. ನಜರೇತಿನಂಥ ಸಣ್ಣ ಊರಿನ ಬಡಹುಡುಗಿಯ ಮನೆಯಲ್ಲಿ ಗ್ರಂಥದ ಸುರುಳಿಗಳು ಎಲ್ಲಿರಬೇಕು? ಕೇಳಿ ಕೇಳಿಯೇ ಮನಸ್ಸಿನಲ್ಲಿ ನಿಂತಿರಬೇಕು. ಆದರೆ ಮರಿಯಳು ಹನ್ನಳ ಹಾಡನ್ನು ಹಾಗೆಯೇ ಒಪ್ಪಿಸಲಿಲ್ಲ, ತನ್ನದಾಗಿಸಿಕೊಂಡು ಹಾಡಿದಳು.

ಹಾಗೆಂದು ಬಾಯಿಪಾಠ ಬಂದವರೆಲ್ಲ ಸಾಧುಗಳಲ್ಲ. ಅಡವಿಯಲ್ಲಿ ಯೇಸುವನ್ನು ಶೋಧಿಸಿದ ಸೈತಾನನಿಗೂ 91ನೆಯ ಕೀರ್ತನೆ ಬರುತ್ತಿತ್ತು. ದೇವದೂತರು ಕಾಯುತ್ತಾರೆಂಬ ಮಾತನ್ನು ಅದರಿಂದಲೇ ಎತ್ತಿ, ದೇವಾಲಯದ ಮೇಲಿಂದ ಧುಮುಕು ಎಂದ. ಯೇಸು ಕೊಟ್ಟ ಮೂರು ಉತ್ತರಗಳೂ ಧರ್ಮೋಪದೇಶಕಾಂಡದವು. ಇಬ್ಬರ ಬಾಯಲ್ಲೂ ಗ್ರಂಥದ ಮಾತೇ. ಒಬ್ಬ ಅದನ್ನು ಎದುರಿಗಿದ್ದವನನ್ನು ಬೀಳಿಸಲು ಬಳಸಿದ, ಇನ್ನೊಬ್ಬ ಅದಕ್ಕೆ ತಾನೇ ತಲೆಬಾಗಿದ.

ಇದು ಮನೆಗಳಲ್ಲೂ ನಡೆಯುತ್ತದೆ. ನಮ್ಮ ನೆಂಟರಲ್ಲಿ ಒಬ್ಬ ಹುಡುಗಿ ಗಂಡನ ಹೊಡೆತ ತಾಳಲಾರದೆ ತವರಿಗೆ ಬಂದಳು. ಬುದ್ಧಿ ಹೇಳಲು ಬಂದ ಹಿರಿಯರೊಬ್ಬರು ಎಫೆಸದವರಿಗೆ ಬರೆದ ಪತ್ರಿಕೆಯ ಐದನೆಯ ಅಧ್ಯಾಯದ 22ನೆಯ ವಚನವನ್ನು ತಡವರಿಸದೆ ಹೇಳಿದರು. ಹೆಂಡತಿ ಗಂಡನಿಗೆ ತಗ್ಗಿ ನಡೆಯಬೇಕೆಂಬ ವಚನ ಅದು. ಹುಡುಗಿ ತಲೆ ತಗ್ಗಿಸಿ ಕುಳಿತಳು. ಆಗ ಅವಳ ಅಜ್ಜಿ ಅಡಿಗೆಮನೆಯಿಂದ ಎದ್ದು ಬಂದರು. ಓದು ಬರಹ ತಿಳಿಯದವರು. ಸಂಜೆಯ ಕುಟುಂಬ ಪ್ರಾರ್ಥನೆಯಲ್ಲಿ ಕೇಳಿಯೇ ಆ ಅಧ್ಯಾಯ ಕಲಿತವರು. ಅದರ ಹಿಂದಿನ ವಚನದಲ್ಲಿ ಎಲ್ಲರೂ ಒಬ್ಬರಿಗೊಬ್ಬರು ತಗ್ಗಿ ನಡೆಯಬೇಕೆಂದಿರುವುದನ್ನು ಹೇಳಿದರು. ಕ್ರಿಸ್ತನು ಸಭೆಗಾಗಿ ತನ್ನನ್ನೇ ಕೊಟ್ಟಂತೆ ಗಂಡ ಹೆಂಡತಿಯನ್ನು ಪ್ರೀತಿಸಬೇಕೆಂಬ 25ನೆಯದನ್ನೂ, ಸ್ವಂತ ದೇಹದಂತೆ ಕಾಣಬೇಕೆಂಬ 28ನೆಯದನ್ನೂ ಹೇಳಿದರು. "ಇವನ್ನ್ಯಾಕಪ್ಪ ಬಿಟ್ಟೆ? ತನ್ನ ಮೈಗೆ ತಾನೇ ಹೊಡಕೊಳ್ಳುವವನನ್ನು ನೀನು ಕಂಡಿದ್ದೀಯಾ?" ಎಂದರು. ಯಾರೂ ಮಾತಾಡಲಿಲ್ಲ. ಹುಡುಗಿಯನ್ನು ಅವರು ಕಳಿಸಲಿಲ್ಲ. ಈಗ ಅವಳು ತನ್ನ ದುಡಿಮೆಯಲ್ಲಿ ಮಗನನ್ನು ಓದಿಸುತ್ತಿದ್ದಾಳೆ.

ಅರ್ಧ ಬಾಯಿಪಾಠಕ್ಕೆ ಮದ್ದು ಪೂರ್ತಿ ಬಾಯಿಪಾಠವೇ. ಅದಕ್ಕೇ ನಾನು ಮಕ್ಕಳಿಗೆ ಬಿಡಿ ವಾಕ್ಯದೊಂದಿಗೆ ಅದರ ಹಿಂದುಮುಂದಿನದನ್ನೂ ಸೇರಿಸಿಯೇ ಕಲಿಸುತ್ತೇನೆ. ನೆನಪು ಮೊದಲಿನಂತಿಲ್ಲ ಎನ್ನುವ ನನ್ನ ವಯಸ್ಸಿನ ತಂಗಿಯರಿಗೂ ಇದನ್ನೇ ಹೇಳುವುದು: ಪಾತ್ರೆ ತೊಳೆಯುವಾಗ, ಬಸ್ಸಿಗೆ ಕಾಯುವಾಗ, ದಿನಕ್ಕೊಂದು ಸಾಲಿನಂತೆ ಒಂದು ಸಣ್ಣ ಕೀರ್ತನೆಯನ್ನಾದರೂ ಪೂರ್ತಿ ಕಲಿಯಿರಿ. ಕಲಿತದ್ದನ್ನು ಇನ್ನೊಬ್ಬರಿಗೆ ಹೇಳಬೇಕೆನಿಸಿದಾಗ, ಮೊದಲು ನಿಮಗೆ ನೀವೇ ಒಂದು ಸಲ ಒಪ್ಪಿಸಿಕೊಳ್ಳಿ.