ಎಚ್ಚರವೆಂಬ ಮಾತು

ನಮ್ಮ ಮನೆಗಳಲ್ಲಿ ದಿನಕ್ಕೆ ಹತ್ತು ಬಾರಿಯಾದರೂ ಕೇಳಿಬರುವ ಮಾತುಗಳಲ್ಲಿ ‘ಎಚ್ಚರ’ ಎಂಬುದೊಂದು. ಹಾಲು ಒಲೆಯ ಮೇಲಿದೆ, ಎಚ್ಚರ. ಮೆಟ್ಟಿಲು ಪಾಚಿಗಟ್ಟಿದೆ, ಎಚ್ಚರ. ಕಾಲ ಕೆಟ್ಟದ್ದು, ಎಚ್ಚರ. ಮೊದಲೆರಡು ಕಡೆಗಳಲ್ಲಿ ಈ ಮಾತು ನಮ್ಮ ಕಣ್ಣನ್ನು ತೆರೆಯಿಸುತ್ತದೆ. ಮೂರನೆಯ ಕಡೆಯಲ್ಲಿ ನೆರೆಯವರನ್ನು ಕಂಡು ಅಂಜುವುದನ್ನು ಕಲಿಸುತ್ತದೆ. ಇವೆರಡರಲ್ಲಿ ಯಾವುದು ಅದರ ನಿಜವಾದ ಕೆಲಸವೆಂಬುದು ವಿಚಾರಾರ್ಹವಾಗಿದೆ.

ಎಚ್ಚರವೆಂದರೆ ಮೊದಲಿಗೆ ನಿದ್ದೆಯಿಲ್ಲದ ಸ್ಥಿತಿ. ‘ಬೆಳಗಿನ ಜಾವಕ್ಕೆ ಎಚ್ಚರವಾಯಿತು’ ಎನ್ನುತ್ತೇವೆ; ಮೂರ್ಛೆಹೋದವನಿಗೆ ‘ಎಚ್ಚರ ತಪ್ಪಿದೆ’ ಎನ್ನುತ್ತೇವೆ. ಸಂಸ್ಕೃತದಿಂದ ಬಂದ ‘ಜಾಗ್ರತೆ’ಯೂ ಅಂಥದೇ, ಮಾಂಡೂಕ್ಯೋಪನಿಷತ್ತು ಸ್ವಪ್ನ ಸುಷುಪ್ತಿಗಳೊಡನೆ ಹೇಳುವ ಜಾಗ್ರದವಸ್ಥೆಯೇ ಅದರ ಮೂಲಾರ್ಥ. ಫಾರಸಿಯಿಂದ ಬಂದ ‘ಹುಷಾರು’ ಎಂಬುದರ ಒಳಗಿರುವ ‘ಹೋಶ್’ ಎಂದರೂ ಪ್ರಜ್ಞೆಯೇ. ಮೂರು ಭಾಷೆಗಳಿಂದ ಮೂರು ಮಾತುಗಳು ನಮ್ಮ ಮನೆಗೆ ಬಂದು ಸೇರಿ ಒಂದೇ ಅರ್ಥವನ್ನು ನುಡಿಯುತ್ತಿವೆ. ಪರರ ಮೇಲಣ ಅಪನಂಬಿಕೆ ಇವುಗಳಲ್ಲಿ ಯಾವುದರ ಮೂಲದಲ್ಲಿಯೂ ಇಲ್ಲ. ಅದಕ್ಕೆ ಶಂಕೆ, ಸಂಶಯ, ಗುಮಾನಿ ಎಂಬ ಬೇರೆ ಮಾತುಗಳೇ ಇವೆ.

ಬೌದ್ಧರ ಧಮ್ಮಪದದಲ್ಲಿ ಎರಡನೆಯ ವರ್ಗಕ್ಕೆ ‘ಅಪ್ಪಮಾದ’ವೆಂದೇ ಹೆಸರು. ಅಪ್ರಮಾದವೆಂದರೆ ಮೈಮರೆಯದಿರುವುದು. ಅಲ್ಲಿ ಕಾಯಬೇಕಾದದ್ದು ತನ್ನ ಮನಸ್ಸನ್ನು, ನೆರೆಯವನ ಕೈಯನ್ನಲ್ಲ.

ಇದನ್ನು ನಾನು ಗ್ರಂಥದಿಂದ ಕಲಿತೆನೆಂದರೆ ಸುಳ್ಳಾದೀತು. ಒಮ್ಮೆ ನಮ್ಮ ಮನೆಯಲ್ಲಿ ಬೆಳ್ಳಿಯ ಪಂಚಪಾತ್ರೆಯೊಂದು ಕಾಣದಾಯಿತು. ಬಹುಕಾಲದಿಂದ ಕೆಲಸಕ್ಕೆ ಬರುತ್ತಿದ್ದ ಮುದುಕಿಯನ್ನು ನಾನು ಏನೂ ಕೇಳಲಿಲ್ಲ; ಆದರೆ ಅವಳು ಹೋಗುವಾಗ ಅವಳ ಬುಟ್ಟಿಯತ್ತ ನೋಡಿದೆನು. ಅವಳು ಅದನ್ನು ಕಂಡಳು. ಬುಟ್ಟಿಯನ್ನು ಕೆಳಗಿಟ್ಟು, ಮುಚ್ಚಿದ್ದ ಬಟ್ಟೆಯನ್ನು ತೆಗೆದು, ಒಳಗಿದ್ದ ತಂಗಳನ್ನವನ್ನು ತೋರಿಸಿ ಹೊರಟುಹೋದಳು. ಎರಡು ವಾರಗಳ ಮೇಲೆ ಪಾತ್ರೆ ನನ್ನ ಪೆಟ್ಟಿಗೆಯಲ್ಲಿಯೇ ಸಿಕ್ಕಿತು. ಊರಿಗೆ ಹೋಗುವ ಮುನ್ನ ಭದ್ರವಾಗಿರಲೆಂದು ಅಲ್ಲಿ ಇಟ್ಟವನು ನಾನೇ, ಮರೆತವನೂ ನಾನೇ. ಮುದುಕಿಯ ಗುಡಿಸಲಿಗೆ ಹೋಗಿ ತಪ್ಪೊಪ್ಪಿಕೊಂಡೆನು. ಅವಳು ಕೂರಲು ಚಾಪೆ ಹಾಸಿದಳು, ಮಜ್ಜಿಗೆ ಕೊಟ್ಟಳು. ಕೆಲಸಕ್ಕೆ ಮಾತ್ರ ಮತ್ತೆ ಬರಲಿಲ್ಲ.

ಆ ದಿನಗಳಲ್ಲಿ ನಾನು ಎಚ್ಚರದಿಂದಿದ್ದೇನೆಂದೇ ತಿಳಿದಿದ್ದೆನು. ನಿಜವಾಗಿ ಎಚ್ಚರ ತಪ್ಪಿದ್ದುದು ನನಗೆ. ನನ್ನ ಕೈ ಮಾಡಿದ್ದನ್ನು ನಾನು ಅರಿಯದೆ ಆ ಮರೆವಿನ ಭಾರವನ್ನು ಬಡವೆಯೊಬ್ಬಳ ಬುಟ್ಟಿಗೆ ಹೊರಿಸಿದ್ದೆನು.

ಹಾಗಾದರೆ ಬಾಗಿಲಿಗೆ ಅಗಳಿ ಬೇಡವೆ? ಬೇಕು. ಲೋಕದಲ್ಲಿ ಕಳ್ಳರಿರುವರೆಂಬುದೂ ಎಚ್ಚರದ ಕಣ್ಣಿಗೆ ಕಾಣತಕ್ಕ ನಿಜವೇ. ಆದರೆ ಎಚ್ಚರವುಳ್ಳವನು ಇದ್ದುದನ್ನು ಇದ್ದಂತೆ ಕಾಣುತ್ತಾನೆ. ಶಂಕೆಯುಳ್ಳವನು ಕಾಣುವುದಕ್ಕೆ ಮುಂಚೆಯೇ ತೀರ್ಮಾನಿಸಿಬಿಡುತ್ತಾನೆ. ಮಕ್ಕಳಿಗೆ ‘ಎಚ್ಚರ’ವೆಂದು ಹೇಳುವಾಗ ಇವೆರಡರಲ್ಲಿ ಯಾವುದನ್ನು ಕಲಿಸುತ್ತಿದ್ದೇವೆಂದು ಹಿರಿಯರು ಕೇಳಿಕೊಳ್ಳುವುದು ಒಳಿತು. ಅಗಳಿ ಹಾಕಿದ ಮೇಲೆ ಒಮ್ಮೆ ನಮ್ಮ ಪೆಟ್ಟಿಗೆಯನ್ನೂ ತೆರೆದು ನೋಡತಕ್ಕದ್ದು.